ಒಂದೇ ಗಾಡಿ, ಎರಡು ಆವರೇಜ್

ಬೆಂಗಳೂರಿನವರು ಮೈಲೇಜ್ ಎನ್ನುವುದನ್ನು ಪುಣೆಯಲ್ಲಿ ಆವರೇಜ್ ಎನ್ನುತ್ತಾರೆ. ಬೆಳಗಾವಿ, ವಿಜಯಪುರದ ಕಡೆಯಿಂದ ಬಂದು ಪಿಂಪರಿ-ಚಿಂಚವಡದ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮವರಿಗೆ ಈ ಮಾತು ಊರಲ್ಲಿರುವಾಗಲೇ ಪರಿಚಿತವಾದದ್ದು. ಮೈಲಿಗಲ್ಲುಗಳೆಲ್ಲ ಕಿಲೋಮೀಟರಿಗೆ ಬದಲಾಗಿ ದಶಕಗಳೇ ಕಳೆದಿರುವಾಗ, ಎರಡು ಪದಗಳಲ್ಲಿ ಆವರೇಜ್ ಎಂಬುದೇ ಹೆಚ್ಚು ಪ್ರಾಮಾಣಿಕವಾದದ್ದು ಎಂದು ನನ್ನ ಅಭಿಪ್ರಾಯ. ಲೀಟರಿಗೆ ಇಷ್ಟು ಕಿಲೋಮೀಟರು ಎಂಬ ಅಂಕಿಯು ಗಾಡಿಯ ಬಣ್ಣದಂತೆ ಅದಕ್ಕೆ ಅಂಟಿಕೊಂಡಿರುವ ಗುಣವಲ್ಲ. ಹಲವು ರಸ್ತೆ, ಹಲವು ಸಿಗ್ನಲ್ಲು, ಹಲವು ಮುಂಜಾವುಗಳನ್ನು ಕೂಡಿಸಿ ಭಾಗಿಸಿದ ಸರಾಸರಿ. ಆದರೂ ನಾವು ಕೇಳುವುದು ಮಾತ್ರ ‘ಎಷ್ಟು ಕೊಡ್ತದ?’ ಎಂದೇ, ಕೊಡುವುದು ಬಿಡುವುದು ಗಾಡಿಯ ಮರ್ಜಿ ಎಂಬಂತೆ.

ನಿಗಡಿಯಲ್ಲಿ ನಮ್ಮ ಕಟ್ಟಡದಲ್ಲಿರುವ ಇಂಡಿ ತಾಲ್ಲೂಕಿನ ಹುಡುಗನೊಬ್ಬ ಒಂದು ಭಾನುವಾರ ಬಂದು, ‘ಕಾಕಾ, ಗಾಡಿ ಆವರೇಜ್ ಕೊಡವಲ್ದರೀ’ ಎಂದು ದೂರಿದ. ಅವನೂ ತಳೇಗಾಂವದಲ್ಲಿರುವ ಅವನ ಅಣ್ಣನೂ ಒಂದೇ ದಸರೆಗೆ, ಒಂದೇ ಮಾದರಿಯ ನೂರು ಸಿಸಿ ಗಾಡಿಗಳನ್ನು ಕೊಂಡಿದ್ದರು. ಅಣ್ಣನದು ಲೀಟರಿಗೆ 70 ಕಿ.ಮೀ. ಓಡಿದರೆ ತಮ್ಮನದು 52ಕ್ಕೆ ನಿಲ್ಲುತ್ತಿತ್ತು. ಸರ್ವಿಸಿಗೆ ಬಿಟ್ಟರೆ ‘ಗಾಡಿ ಸರಿ ಇದೆ’ ಎಂಬ ಉತ್ತರ ಬಂದಿತ್ತು. ನಾನು ಅವರಿಗೆ ಹೇಳಿದ್ದು ಇಷ್ಟೇ: ಒಂದು ತಿಂಗಳು ಗಾಡಿಗಳನ್ನು ಅದಲುಬದಲು ಮಾಡಿಕೊಳ್ಳಿ. ಅದರ ಫಲಿತಾಂಶವನ್ನು ಮುಂದೆ ಹೇಳುತ್ತೇನೆ. ಅದು ಅರ್ಥವಾಗಬೇಕಾದರೆ ಒಂದು ಲೀಟರ್ ಪೆಟ್ರೋಲು ಎಲ್ಲೆಲ್ಲಿ ಖರ್ಚಾಗುತ್ತದೆ ಎಂಬುದನ್ನು ಮೊದಲು ನೋಡಬೇಕು.

ಒಂದು ಲೀಟರ್ ಶುದ್ಧ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇರುತ್ತದೆ. ಮನೆಯ ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ ಹೇಳುವುದಾದರೆ ಅದು ಹತ್ತಿರ ಹತ್ತಿರ 9 ಯೂನಿಟ್. ಇನ್ನು ಸವಾರನೂ ಸೇರಿ 180 ಕಿಲೋ ತೂಗುವ ಒಂದು ಸಣ್ಣ ಬೈಕನ್ನು ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 45 ಕಿ.ಮೀ. ವೇಗದಲ್ಲಿ ಒಂದೇ ಸಮ ಓಡಿಸಲು ಎಷ್ಟು ಬಲ ಬೇಕು? ಟೈರುಗಳು ಉರುಳುವಾಗ ಅಮುಕಿ ಹಿಗ್ಗುವುದರಿಂದ ಆಗುವ ಪ್ರತಿರೋಧ ಮತ್ತು ಎದುರುಗಾಳಿಯ ಪ್ರತಿರೋಧ ಎರಡನ್ನೂ ಅಂದಾಜು ಹಾಕಿದರೆ, ಹಿಂದಿನ ಚಕ್ರಕ್ಕೆ ಬೇಕಾಗುವುದು ಸುಮಾರು 1000 ವಾಟ್, ಅಂದರೆ ಒಂದೂಕಾಲು ಅಶ್ವಶಕ್ತಿಗಿಂತ ತುಸು ಹೆಚ್ಚು. ಚಳಿಗಾಲದಲ್ಲಿ ಬಕೆಟ್ಟಿಗೆ ಇಳಿಬಿಟ್ಟು ನೀರು ಕಾಯಿಸುವ ಕಾಯಿಲ್ ಎಳೆಯುವ ಕರೆಂಟೂ ಅಷ್ಟೇ. ಈ ಲೆಕ್ಕದಲ್ಲಿ ಒಂದು ಲೀಟರಿನ ಶಕ್ತಿಯೆಲ್ಲವೂ ಚಕ್ರಕ್ಕೇ ತಲುಪಿದ್ದರೆ ಗಾಡಿಯು 390 ಕಿ.ಮೀ. ಹತ್ತಿರ ಓಡಬೇಕಿತ್ತು. ಓಡುವುದು 70. ಉಳಿದ ಐದರಲ್ಲಿ ನಾಲ್ಕು ಪಾಲು ಶಾಖವಾಗಿ ಸೈಲೆನ್ಸರಿನಿಂದಲೂ ಎಂಜಿನ್ನಿನ ರೆಕ್ಕೆಗಳಿಂದಲೂ ಗಾಳಿಗೆ ಹೋಗುತ್ತದೆ, ಇಲ್ಲವೇ ಎಂಜಿನ್ನಿನ ಒಳಗಿನ ಘರ್ಷಣೆಯಲ್ಲಿ ಸವೆಯುತ್ತದೆ. ಭಾರತದಲ್ಲಿ ಅತಿ ಮಿತವ್ಯಯಿ ಎಂದು ಹೆಸರಾದ ಗಾಡಿಗಳ ಸ್ಥಿತಿಯೇ ಇದು.

ಇಲ್ಲಿ ವೇಗದ ವಿಷಯವನ್ನು ತುಸು ಬಿಡಿಸಿ ನೋಡಬೇಕು. ಟೈರಿನ ಪ್ರತಿರೋಧವು ವೇಗದೊಂದಿಗೆ ಹೆಚ್ಚೇನೂ ಬದಲಾಗುವುದಿಲ್ಲ. ಗಾಳಿಯ ಪ್ರತಿರೋಧವಾದರೋ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ವೇಗ ಎರಡರಷ್ಟಾದರೆ ಅದು ನಾಲ್ಕರಷ್ಟಾಗುತ್ತದೆ. ಮೈಯನ್ನು ನೆಟ್ಟಗೆ ಇಟ್ಟುಕೊಂಡು ಕೂರುವ ಬೈಕ್ ಸವಾರನು ಗಾಳಿಯ ಕಣ್ಣಿಗೆ ಒಂದು ಬಾಗಿಲಿನಂತೆ. ಗಂಟೆಗೆ 45 ಕಿ.ಮೀ. ವೇಗದಲ್ಲಿ ಪ್ರತಿ ಕಿಲೋಮೀಟರಿಗೆ ಬೇಕಾಗುವ ಶ್ರಮವು 70 ಕಿ.ಮೀ. ವೇಗದಲ್ಲಿ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಪುಣೆಯಿಂದ ಬೆಳಗಾವಿಗೆ ಹಬ್ಬಕ್ಕೆಂದು ಬೈಕಿನಲ್ಲೇ ಹೊರಡುವ ಹುಡುಗರು, ‘ಹೈವೇಯಲ್ಲಿ ಆವರೇಜ್ ಹೆಚ್ಚು ಸಿಗಬೇಕಲ್ಲ, ಕಡಿಮೆಯಾಯಿತಲ್ಲ’ ಎಂದು ಕೊಲ್ಹಾಪುರದ ಪಂಪಿನಲ್ಲಿ ನಿಂತು ಬೆರಗಾಗುವುದಕ್ಕೆ ಕಾರಣ ಇದೇ. ಹೈವೇಯಲ್ಲಿ ಸಿಗ್ನಲ್ಲುಗಳಿಲ್ಲದಿರುವುದರಿಂದ ಆಗುವ ಲಾಭವನ್ನು ಎಪ್ಪತ್ತೈದರ ವೇಗವು ತಿಂದು ಹಾಕುತ್ತದೆ.

ಸಿಗ್ನಲ್ಲಿನ ಲೆಕ್ಕ ಬೇರೆ. ಗಂಟೆಗೆ 40 ಕಿ.ಮೀ. ವೇಗದಲ್ಲಿರುವ ಗಾಡಿಯನ್ನು ಬ್ರೇಕ್ ಹಾಕಿ ನಿಲ್ಲಿಸಿದಾಗ, ಅದರಲ್ಲಿದ್ದ ಚಲನಶಕ್ತಿಯೆಲ್ಲ ಬ್ರೇಕ್ ಡ್ರಮ್ಮಿನಲ್ಲಿ ಬಿಸಿಯಾಗಿ ಮುಗಿಯುತ್ತದೆ. ಮತ್ತೆ ಆ ವೇಗಕ್ಕೆ ಏರಲು ಬೇಕಾಗುವ ಶಕ್ತಿಯಲ್ಲಿ ಸುಮಾರು 150 ಮೀಟರ್ ಆರಾಮವಾಗಿ ಓಡಬಹುದಾಗಿತ್ತು. ಕಿಲೋಮೀಟರಿಗೆ ನಾಲ್ಕು ಸಲ ನಿಂತು ಹೊರಡುವವನು ಒಂದು ಕಿಲೋಮೀಟರ್ ಕ್ರಮಿಸಿ ಒಂದು ಕಿಲೋಮೀಟರ್ 600 ಮೀಟರಿನ ಪೆಟ್ರೋಲು ತೆತ್ತಂತಾಯಿತು. ಗಾಡಿಯ ತೂಕ ನಿಜವಾಗಿ ಲೆಕ್ಕಕ್ಕೆ ಬರುವುದು ಇಲ್ಲಿ. ಸಮವೇಗದಲ್ಲಿ ಓಡುವಾಗ ಹತ್ತಿಪ್ಪತ್ತು ಕಿಲೋ ಹೆಚ್ಚಿದ್ದರೂ ಅಷ್ಟೇನೂ ತಿಳಿಯದು. ನಿಂತು ನಿಂತು ಹೊರಡುವಾಗ ಪ್ರತಿಯೊಂದು ಕಿಲೋಗೂ ಪ್ರತಿಸಲ ಕಂದಾಯ ಕಟ್ಟಬೇಕು. ಸ್ಪ್ಲೆಂಡರ್ ಪ್ಲಸ್ ಇಂಧನವೂ ಸೇರಿ 112 ಕಿಲೋ ಇರುವುದು, 350 ಸಿಸಿಯ ಬುಲೆಟ್ 190 ಕಿಲೋ ಮೀರುವುದು ಇವುಗಳ ಅರ್ಥ ಖಡಕಿಯಿಂದ ಶಿವಾಜಿನಗರಕ್ಕೆ ಸಂಜೆಯ ಹೊತ್ತಿನಲ್ಲಿ ಹೋದವರಿಗೆ ಗೊತ್ತಾಗುತ್ತದೆ.

ಹಾಗಾದರೆ ನೂರು ಸಿಸಿ ಎಂಜಿನ್ನಿನ ಹೆಚ್ಚುಗಾರಿಕೆ ಏನು? ಮೇಲೆ ಹೇಳಿದ ಒಂದು ಸಾವಿರ ವಾಟ್ ಕೆಲಸವನ್ನು 350 ಸಿಸಿಯ ಎಂಜಿನ್ನೂ ಮಾಡುತ್ತದೆ, 100 ಸಿಸಿಯದೂ ಮಾಡುತ್ತದೆ. ಆದರೆ ಮೊದಲನೆಯದು ಲೀಟರಿಗೆ 35-40 ಕಿ.ಮೀ.ಗೇ ತೃಪ್ತಿಪಡಬೇಕು. ಇಬ್ಬರೇ ಇರುವ ಮನೆಯಲ್ಲಿ ಅನ್ನಕ್ಕೆಂದು ಮದುವೆಮನೆಯ ಕೊಪ್ಪರಿಗೆಯನ್ನು ಒಲೆಗೇರಿಸಿದರೆ ಏನಾಗುತ್ತದೆ? ಅಕ್ಕಿ ಬೇಯುವ ಮೊದಲು ಕೊಪ್ಪರಿಗೆ ಕಾಯಬೇಕು, ಸೌದೆಯ ಬಹುಪಾಲು ಪಾತ್ರೆಗೇ ಹೋಗುತ್ತದೆ. ದೊಡ್ಡ ಎಂಜಿನ್ನಿನ ದೊಡ್ಡ ಪಿಸ್ಟನ್, ಅದರ ಉಂಗುರಗಳು, ಬೇರಿಂಗುಗಳು, ವಾಲ್ವಿನ ಸ್ಪ್ರಿಂಗುಗಳು ಇವೆಲ್ಲ ಗಾಡಿ ಎಷ್ಟೇ ನಿಧಾನವಾಗಿ ಓಡಿದರೂ ತಮ್ಮ ಘರ್ಷಣೆಯ ಪಾಲನ್ನು ಮೊದಲು ಕಿತ್ತುಕೊಳ್ಳುತ್ತವೆ. ಅದರ ಜೊತೆಗೆ ಇನ್ನೊಂದು ನಷ್ಟವಿದೆ, ಅದು ಮೇಲುನೋಟಕ್ಕೆ ತಿಳಿಯುವಂಥದ್ದಲ್ಲ. ಪೆಟ್ರೋಲ್ ಎಂಜಿನ್ನಿನಲ್ಲಿ ಶಕ್ತಿಯನ್ನು ಹತೋಟಿಯಲ್ಲಿಡುವುದು ಗಾಳಿಯ ದಾರಿಯನ್ನು ಮುಚ್ಚಿ ತೆರೆಯುವ ಥ್ರಾಟಲ್ಲಿನಿಂದ. ದೊಡ್ಡ ಎಂಜಿನ್ನಿಗೆ ಚಿಕ್ಕ ಕೆಲಸ ಕೊಟ್ಟಾಗ ಥ್ರಾಟಲ್ಲು ಕೂದಲೆಳೆಯಷ್ಟೇ ತೆರೆದಿರುತ್ತದೆ. ಆ ಸಂದಿಯಿಂದ ಗಾಳಿಯನ್ನು ಒಳಗೆಳೆಯಲು ಪಿಸ್ಟನ್ನು ತಿಣುಕಬೇಕಾಗುತ್ತದೆ. ಮೂಗು ಅರ್ಧ ಕಟ್ಟಿದಾಗ ಉಸಿರೆಳೆಯುವುದೇ ಒಂದು ಕೆಲಸವಾಗುವಂತೆ ಇದು. ಎಂಟು ಅಶ್ವಶಕ್ತಿಯ ಎಂಜಿನ್ನಿಗೆ ಒಂದೂವರೆ ಅಶ್ವಶಕ್ತಿಯ ಕೆಲಸ ಕೊಡುವುದಕ್ಕೂ ಇಪ್ಪತ್ತು ಅಶ್ವಶಕ್ತಿಯದಕ್ಕೆ ಅದೇ ಕೆಲಸ ಕೊಡುವುದಕ್ಕೂ ಇರುವ ಅಂತರವೇ ಆವರೇಜಿನ ಅರ್ಧ ಕಥೆ. ನೂರು ಸಿಸಿಯಲ್ಲಿ ಯಾವ ಮಾಯೆಯೂ ಇಲ್ಲ. ನಮ್ಮ ಊರುಗಳ ವೇಗಕ್ಕೆ ಎಷ್ಟು ಬೇಕೋ ಅದಕ್ಕಿಂತ ತೀರ ದೊಡ್ಡದಲ್ಲದ ಪಾತ್ರೆ ಅದು, ಅಷ್ಟೇ.

ಈ ಪಾತ್ರೆಯು ನಮ್ಮ ದೇಶಕ್ಕೆ ಬಂದದ್ದು 1985ರಲ್ಲಿ. ಭಾರತದ ಹೀರೋ ಮತ್ತು ಜಪಾನಿನ ಹೋಂಡಾ 1984ರಲ್ಲಿ ಕೂಡಿ ಕಟ್ಟಿದ ಕಂಪನಿಯು ಹರಿಯಾಣದ ಧಾರೂಹೇಡಾದಲ್ಲಿ ತಯಾರಿಸಿದ ಸಿಡಿ 100 ಅದರ ಹೆಸರು. ಅಲ್ಲಿಯವರೆಗೆ ಇಲ್ಲಿನ ಸ್ಕೂಟರು, ಬೈಕುಗಳಲ್ಲಿ ಬಹುಪಾಲು ಟೂ-ಸ್ಟ್ರೋಕ್ ಎಂಜಿನ್ನಿನವು. ಟೂ-ಸ್ಟ್ರೋಕಿನಲ್ಲಿ ಸುಟ್ಟ ಹೊಗೆಯನ್ನು ಹೊರಗೆ ತಳ್ಳುವ ಕೆಲಸವನ್ನು ಹೊಸದಾಗಿ ಒಳಬರುವ ಗಾಳಿ-ಪೆಟ್ರೋಲಿನ ಮಿಶ್ರಣವೇ ಮಾಡಬೇಕು; ಹಾಗೆ ತಳ್ಳುವಾಗ ಅದರಲ್ಲೊಂದು ಪಾಲು ಉರಿಯದೆಯೇ ಹೊಗೆಯ ಜೊತೆಗೆ ಹೊರಟುಹೋಗುತ್ತದೆ. ಫೋರ್-ಸ್ಟ್ರೋಕಿನಲ್ಲಿ ಒಳಗೆಳೆಯುವುದಕ್ಕೊಂದು, ಹೊರದಬ್ಬುವುದಕ್ಕೊಂದು ಪಿಸ್ಟನ್ನಿನ ಪ್ರತ್ಯೇಕ ಓಟ ಇರುವುದರಿಂದ ಆ ಸೋರಿಕೆ ಇಲ್ಲ. ಸಿಡಿ 100ರ ಜಾಹೀರಾತು ತುಂಬಿಸಿ, ಮುಚ್ಚಿ, ಮರೆತುಬಿಡಿ ಎಂಬ ಅರ್ಥದ ಇಂಗ್ಲಿಷ್ ಘೋಷಣೆಯೊಂದಿಗೆ ಬಂದಿತ್ತು. ಪೆಟ್ರೋಲಿನೊಂದಿಗೆ ಆಯಿಲ್ ಬೆರೆಸುತ್ತ ಸ್ಪಾರ್ಕ್ ಪ್ಲಗ್ಗಿನ ಮಸಿ ಉಜ್ಜುತ್ತ ಬೆಳೆದ ತಲೆಮಾರಿಗೆ ಆ ಮಾತು ಎಷ್ಟು ಹಿತವಾಗಿ ಕೇಳಿಸಿರಬೇಕು ಎಂಬುದನ್ನು ಈಗಿನವರು ಊಹಿಸುವುದು ಕಷ್ಟ. ಅದೇ ಕಂಪನಿಯ ಸ್ಪ್ಲೆಂಡರ್ 1994ರಲ್ಲಿ ಬಂದಿತು. 2011ರಲ್ಲಿ ಹೋಂಡಾದಿಂದ ಬೇರೆಯಾಗಿ ಕಂಪನಿಯು ಹೀರೋ ಮೋಟೋಕಾರ್ಪ್ ಆದ ಮೇಲೂ ಅದರ 97.2 ಸಿಸಿ ಎಂಜಿನ್ನಿನ ಮೂಲ ಅಳತೆ ಬದಲಾಗಿಲ್ಲ.

ಪುಣೆಯ ಪಾಲಿನ ಕಥೆ ಆಕುರ್ಡಿಯದು. ವರ್ಷಗಟ್ಟಲೆ ಸರದಿ ಕಾದು ಚೇತಕ್ ಸ್ಕೂಟರ್ ಪಡೆಯುತ್ತಿದ್ದ ಕಾಲದಲ್ಲಿ ಬಜಾಜ್ ಕಾರ್ಖಾನೆಗೆ ಬೈಕಿನ ತುರ್ತು ಇರಲಿಲ್ಲ. ಜಪಾನಿನ ಕವಾಸಾಕಿಯ ನೆರವಿನಿಂದ 1986ರಲ್ಲಿ ಅದು ತಂದ ಕೆಬಿ 100 ಕೂಡ ಟೂ-ಸ್ಟ್ರೋಕೇ ಆಗಿತ್ತು. 1990ರ ದಶಕದಲ್ಲಿ ಫೋರ್-ಸ್ಟ್ರೋಕ್ ಬೈಕುಗಳು, 2004ರಲ್ಲಿ ಸಿಟಿ 100, 2006ರಲ್ಲಿ ಪ್ಲಾಟಿನಾ ಹೀಗೆ ಒಂದೊಂದಾಗಿ ಬಂದು, 2009ರ ಹೊತ್ತಿಗೆ ಕಂಪನಿಯು ಪೆಟ್ರೋಲ್ ಸ್ಕೂಟರುಗಳನ್ನೇ ಕೈಬಿಟ್ಟಿತು. ಚೇತಕ್ ಎಂಬ ಹೆಸರು ಮರಳಿ ಬಂದದ್ದು 2020ರಲ್ಲಿ, ಬ್ಯಾಟರಿಯ ಮೇಲೆ.

ಸ್ಪ್ಲೆಂಡರ್ ಮತ್ತು ಈಗಿನ ಪ್ಲಾಟಿನಾ ಎರಡರ ಎಂಜಿನ್ನಿನ ಅಳತೆಗಳನ್ನು ಪಕ್ಕದಲ್ಲಿಟ್ಟು ನೋಡುವುದು ಕುತೂಹಲಕರ. ಸ್ಪ್ಲೆಂಡರಿನ ಸಿಲಿಂಡರು 50 ಮಿ.ಮೀ. ಅಗಲ, ಪಿಸ್ಟನ್ನು ಓಡಾಡುವ ದೂರ 49.5 ಮಿ.ಮೀ.; ಅಂದರೆ ಅಗಲವೂ ಎತ್ತರವೂ ಹೆಚ್ಚುಕಡಿಮೆ ಸಮ. ಪ್ಲಾಟಿನಾದ್ದು 47 ಮಿ.ಮೀ. ಅಗಲ, 58.8 ಮಿ.ಮೀ. ಓಡಾಟ, ಒಟ್ಟು 102 ಸಿಸಿ. ಒಂದು ಗಿಡ್ಡ ಡಬ್ಬಿಯಾದರೆ ಇನ್ನೊಂದು ಉದ್ದನೆಯ ಲೋಟ. ಉದ್ದನೆಯ ಸಿಲಿಂಡರಿನಲ್ಲಿ ಮಿಶ್ರಣ ಉರಿಯುವ ಜಾಗವು ಅಡಕವಾಗಿರುತ್ತದೆ, ಜ್ವಾಲೆ ಕ್ರಮಿಸಬೇಕಾದ ದೂರ ಕಡಿಮೆ, ಗೋಡೆಗೆ ತಗುಲಿ ಪೋಲಾಗುವ ಶಾಖವೂ ಕಡಿಮೆ. ಎಂಜಿನ್ನು ನಿಧಾನವಾಗಿ ತಿರುಗುವಾಗಲೇ ಎಳೆಯುವ ಬಲ ಸಿಗುವುದರಿಂದ ಬೇಗನೆ ಮೇಲಿನ ಗೇರಿಗೆ ಹೋಗಬಹುದು. ಜೊತೆಗೆ ಪ್ಲಾಟಿನಾದ ಒಂದೇ ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್ಗುಗಳಿದ್ದು, ಎರಡು ಕಡೆಯಿಂದ ಬೆಂಕಿ ಹತ್ತುವುದರಿಂದ ಮಿಶ್ರಣವು ಇನ್ನೂ ಚುರುಕಾಗಿ ಉರಿಯುತ್ತದೆ. ಸ್ಪ್ಲೆಂಡರಿನವರು ಬೇರೆ ದಾರಿ ಹಿಡಿದರು: 2014ರ ಐಸ್ಮಾರ್ಟ್ ಮಾದರಿಯಲ್ಲಿ, ನ್ಯೂಟ್ರಲ್ಲಿನಲ್ಲಿ ಕೆಲವು ಸೆಕೆಂಡು ನಿಂತರೆ ಎಂಜಿನ್ನು ತಾನೇ ಆರುವ, ಕ್ಲಚ್ ಅದುಮಿದೊಡನೆ ಮತ್ತೆ ಹೊತ್ತುವ ಏರ್ಪಾಟನ್ನು ತಂದರು. ಒಬ್ಬರು ಉರಿಯುವುದನ್ನು ಚೊಕ್ಕ ಮಾಡಿದರೆ ಇನ್ನೊಬ್ಬರು ಸುಮ್ಮನೆ ಉರಿಯುವುದನ್ನು ನಿಲ್ಲಿಸಿದರು. ಎರಡರಲ್ಲಿ ಯಾವುದು ಮೇಲು ಎಂಬುದು ನಿಮ್ಮ ದಾರಿಯಲ್ಲಿ ಎಷ್ಟು ಸಿಗ್ನಲ್ಲುಗಳಿವೆ ಎಂಬುದನ್ನು ಅವಲಂಬಿಸಿದೆ.

ನಿಂತಲ್ಲಿ ಉರಿಯುವ ಪೆಟ್ರೋಲು ಎಷ್ಟು? ನೂರು ಸಿಸಿ ಎಂಜಿನ್ನು ನಿಧಾನಗತಿಯಲ್ಲಿ ಎಳೆಯುವ ಗಾಳಿಯ ಪ್ರಮಾಣದಿಂದ ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 150 ಮಿ.ಲೀ. ಬರುತ್ತದೆ. ದಿನಕ್ಕೆ ಕಾಲು ಗಂಟೆ ಸಿಗ್ನಲ್ಲುಗಳಲ್ಲಿ ಕಳೆಯುವವನಿಗೆ ಅದು ಎರಡು ಕಿಲೋಮೀಟರಿಗೂ ಮೀರಿದ ಓಟದ ಪೆಟ್ರೋಲು. ಎರಡು ಕಿಲೋಮೀಟರು ಏನು ಮಹಾ ಎನ್ನಬಹುದು. ದಿನಕ್ಕೆ ಓಡುವುದೇ ಹದಿನೆಂಟಾದರೆ ಅದು ಮಹಾ.

ಇನ್ನು ಗಾಳಿಗೆ ಪೆಟ್ರೋಲು ಬೆರೆಸಿಕೊಡುತ್ತಿದ್ದ ಕಾರ್ಬ್ಯುರೇಟರಿನ ಕಾಲದ ಒಂದು ಚಟದ ಬಗ್ಗೆ ಹೇಳಲೇಬೇಕು. ಒಂದು ಪಾಲು ಪೆಟ್ರೋಲು ಪೂರ್ತಿಯಾಗಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಗಾಳಿ ಅದಕ್ಕಿಂತ ತುಸು ಹೆಚ್ಚಾದರೆ ಪೆಟ್ರೋಲು ಉಳಿಯುವುದು ನಿಜ. ಗ್ಯಾರೇಜಿನವರು ಸ್ಕ್ರೂ ತಿರುಗಿಸಿ, ಜೆಟ್ ಬದಲಿಸಿ ‘ಟ್ಯೂನಿಂಗ್’ ಮಾಡಿಕೊಡುತ್ತಿದ್ದುದು ಇದನ್ನೇ. ಆದರೆ ತೀರ ತೆಳುವಾದ ಮಿಶ್ರಣವು ಸರಿಯಾಗಿ ಹೊತ್ತುವುದಿಲ್ಲ, ಗಾಡಿಯು ಮುಗ್ಗರಿಸುತ್ತದೆ, ಎಂಜಿನ್ನು ಮಿತಿಮೀರಿ ಕಾಯುತ್ತದೆ, ಸವಾರನು ಬಲ ಸಾಲದೆಂದು ಎಕ್ಸಿಲರೇಟರನ್ನು ಇನ್ನಷ್ಟು ತಿರುಗಿಸಿ ಉಳಿಸಿದ್ದನ್ನು ಅಲ್ಲೇ ಕಳೆಯುತ್ತಾನೆ. 2020ರ ಏಪ್ರಿಲ್ 1ರಿಂದ ಬಿಎಸ್-6 ಎಂಬ ಹೊಗೆ ಮಾಲಿನ್ಯದ ಮಾನದಂಡ ಜಾರಿಗೆ ಬಂದ ಮೇಲೆ ಹೆಚ್ಚಿನ ಬೈಕುಗಳಲ್ಲಿ ಪೆಟ್ರೋಲನ್ನು ಅಳೆದು ಚಿಮ್ಮಿಸುವ ಫ್ಯುಯೆಲ್ ಇಂಜೆಕ್ಷನ್ ಬಂದಿದೆ. ಹೊಗೆಯ ವಿಷಾನಿಲಗಳನ್ನು ತಗ್ಗಿಸುವ, ಸೈಲೆನ್ಸರಿನ ಒಳಗಿನ ಕ್ಯಾಟಲಿಟಿಕ್ ಕನ್ವರ್ಟರು ಸರಿಯಾಗಿ ಕೆಲಸ ಮಾಡಬೇಕಾದರೆ ಮಿಶ್ರಣವು ಆ 14.7ರ ಹತ್ತಿರದಲ್ಲೇ ಇರಬೇಕು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಸೆನ್ಸರು ಹೇಳಿದಂತೆ ಗಾಡಿಯ ಪುಟ್ಟ ಕಂಪ್ಯೂಟರು ಪೆಟ್ರೋಲನ್ನು ಕ್ಷಣಕ್ಷಣಕ್ಕೂ ಹೆಚ್ಚು ಕಡಿಮೆ ಮಾಡುತ್ತಿರುತ್ತದೆ. ತಿರುಗಿಸಲು ಸ್ಕ್ರೂ ಉಳಿದಿಲ್ಲ. ಹಳೆಯ ಮೆಕ್ಯಾನಿಕ್ಕುಗಳು ಇದಕ್ಕಾಗಿ ಕೊರಗುತ್ತಾರೆ, ನಾನಂತೂ ಕೊರಗುವುದಿಲ್ಲ.

ಕಂಪನಿಗಳ ಅಂಕಿಗೂ ರಸ್ತೆಯ ಅಂಕಿಗೂ ಏಕೆ ಹೊಂದಿಕೆಯಾಗದು ಎಂಬುದಕ್ಕೆ ಉತ್ತರವೂ ಪುಣೆಯಲ್ಲೇ ಇದೆ. ಕೋಥರೂಡಿನ ವೇತಾಳ ಟೇಕಡಿಯ ಮೇಲಿರುವ ಎಆರ್‌ಎಐ ಎಂಬ ವಾಹನ ಸಂಶೋಧನಾ ಸಂಸ್ಥೆ 1966ರಲ್ಲಿ ಆರಂಭವಾದದ್ದು. ವಾಹನಗಳನ್ನು ಮಾರಾಟಕ್ಕೆ ಮುನ್ನ ಪರೀಕ್ಷಿಸಿ ಪ್ರಮಾಣಪತ್ರ ನೀಡುವ ಕೇಂದ್ರಗಳಲ್ಲಿ ಇದು ಪ್ರಮುಖವಾದದ್ದು. ಅಲ್ಲಿ ಬೈಕು ರಸ್ತೆಗಿಳಿಯುವುದಿಲ್ಲ. ಕೋಣೆಯೊಳಗೆ ಉರುಳೆಯ ಮೇಲೆ ಅದರ ಹಿಂದಿನ ಚಕ್ರವನ್ನಿಟ್ಟು, ಗೊತ್ತುಪಡಿಸಿದ ನಕ್ಷೆಯ ಪ್ರಕಾರ ವೇಗ ಹೆಚ್ಚಿಸುತ್ತ, ಇಳಿಸುತ್ತ, ನಿಲ್ಲಿಸುತ್ತ ಓಡಿಸುತ್ತಾರೆ. ಬಹುಕಾಲ ಬಳಕೆಯಲ್ಲಿದ್ದ ಭಾರತೀಯ ನಕ್ಷೆಯ ಒಂದು ಸುತ್ತು 108 ಸೆಕೆಂಡಿನದು, ಅಂಥ ಆರು ಸುತ್ತು. ಗರಿಷ್ಠ ವೇಗ ಗಂಟೆಗೆ 42 ಕಿ.ಮೀ., ಸರಾಸರಿ ಸುಮಾರು 22 ಕಿ.ಮೀ. ಒಟ್ಟು ಓಟ ನಾಲ್ಕು ಕಿಲೋಮೀಟರಿಗೂ ಕಡಿಮೆ. ಈಗ ಅದರ ಜಾಗದಲ್ಲಿ ಹಲವು ದೇಶಗಳು ಒಪ್ಪಿದ ಡಬ್ಲ್ಯುಎಂಟಿಸಿ ಎಂಬ ನಕ್ಷೆ ಬಂದಿದ್ದು, ಸಣ್ಣ ಬೈಕುಗಳಿಗೆ ಅದರ ಗರಿಷ್ಠ ವೇಗ ಗಂಟೆಗೆ 50 ಕಿ.ಮೀ. ಇದೆ, ತಣ್ಣಗಿನ ಎಂಜಿನ್ನಿನ ಓಟವೂ ಅದರಲ್ಲಿ ಸೇರುತ್ತದೆ. ಇಂಧನ ಖರ್ಚನ್ನು ಅಳೆಯುವ ವಿಧಾನವಂತೂ ಸೊಗಸಾದದ್ದು. ಟ್ಯಾಂಕಿನಲ್ಲಿ ಎಷ್ಟು ಇಳಿಯಿತು ಎಂದು ನೋಡುವ ಬದಲು ಹೊಗೆಯನ್ನು ಚೀಲಗಳಲ್ಲಿ ಹಿಡಿದಿಟ್ಟು ಅದರಲ್ಲಿ ಎಷ್ಟು ಇಂಗಾಲವಿದೆ ಎಂದು ಅಳೆಯುತ್ತಾರೆ. ಒಳಗೆ ಹೋದ ಪೆಟ್ರೋಲಿನ ಇಂಗಾಲವೆಲ್ಲ ಯಾವುದಾದರೊಂದು ರೂಪದಲ್ಲಿ ಹೊರಗೆ ಬರಲೇಬೇಕಲ್ಲವೇ? ಆ ಅಂಕಿಯಲ್ಲಿ ಸುಳ್ಳಿಲ್ಲ. ಆದರೆ ಆ ಕೋಣೆಯಲ್ಲಿ ಹಿಂಬದಿ ಸವಾರಳಿಲ್ಲ, ಭೋಸರಿಯ ಗುಂಡಿಗಳಿಲ್ಲ, ಒಮ್ಮೆಲೇ ಅಡ್ಡ ಬರುವ ರಿಕ್ಷಾ ಇಲ್ಲ. ಅದು ಒಂದು ಗಾಡಿಯನ್ನು ಇನ್ನೊಂದರೊಂದಿಗೆ ಹೋಲಿಸಲು ಮಾಡಿದ ಅಳತೆಗೋಲು. ನಿಮ್ಮ ಕಿಸೆಯ ಲೆಕ್ಕ ಬರೆಯಲು ಮಾಡಿದ್ದಲ್ಲ.

ಈಗ ಅಣ್ಣತಮ್ಮಂದಿರ ವಿಷಯಕ್ಕೆ ಬರೋಣ. ಅಣ್ಣನದು ಚಾಕಣದ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ. ನಸುಕಿನಲ್ಲಿ, ಲಾರಿಗಳ ಸಾಲು ಹತ್ತುವ ಮೊದಲೇ, ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರನ್ನು ನಲವತ್ತೈದರ ಒಂದೇ ವೇಗದಲ್ಲಿ ಓಡಿಸುತ್ತಾನೆ. ತಮ್ಮನದು ನಿಗಡಿಯಿಂದ ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ ಒಂಬತ್ತು ಕಿಲೋಮೀಟರು, ಬೆಳಗ್ಗೆ ಒಂಬತ್ತರ ಗದ್ದಲದಲ್ಲಿ. ಎಂಜಿನ್ನು ಪೂರ್ತಿ ಬಿಸಿಯಾಗುವವರೆಗೆ ಕಂಪ್ಯೂಟರು ಹೆಚ್ಚಿನ ಪೆಟ್ರೋಲನ್ನೇ ಕೊಡುತ್ತದೆ, ತಣ್ಣಗಿನ ಆಯಿಲ್ಲು ದಪ್ಪವಾಗಿರುವುದರಿಂದ ಘರ್ಷಣೆಯೂ ಹೆಚ್ಚು. ಅವನ ಓಟದಲ್ಲಿ ಈ ಮೊದಲ ಎರಡು ಮೂರು ಕಿಲೋಮೀಟರುಗಳೇ ಮೂರನೆಯ ಒಂದು ಪಾಲು. ತಿಂಗಳ ಅದಲುಬದಲಿನ ನಂತರ ಬಂದ ಅಂಕಿಗಳು ಹೀಗಿದ್ದವು: ತಮ್ಮನ ಗಾಡಿಯನ್ನು ಅಣ್ಣ ತನ್ನ ದಾರಿಯಲ್ಲಿ ಓಡಿಸಿದಾಗ 64, ಅಣ್ಣನ ಗಾಡಿಯನ್ನು ತಮ್ಮ ತನ್ನ ದಾರಿಯಲ್ಲಿ ಓಡಿಸಿದಾಗ 56. ಅಂದರೆ 70ಕ್ಕೂ 52ಕ್ಕೂ ನಡುವಿನ ಹದಿನೆಂಟು ಕಿಲೋಮೀಟರಿನಲ್ಲಿ ಬಹುಪಾಲು ರಸ್ತೆಯದು, ಹೊತ್ತಿನದು, ಸವಾರನದು. ಗಾಡಿಗೆ ಸೇರಿದ್ದು ನಾಲ್ಕರಿಂದ ಆರು ಮಾತ್ರ.

ಆ ನಾಲ್ಕಾರನ್ನು ಹುಡುಕಿದೆವು. ತಮ್ಮನ ಗಾಡಿಯನ್ನು ಮೇನ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿದರೆ ಅದು ಒಂದು ಸುತ್ತಿಗೇ ನಿಂತಿತು. ಬ್ರೇಕು ಬಿಗಿಯಾಗಿದೆಯೆಂದರೆ ಒಳ್ಳೆಯದೆಂದು ಯಾರೋ ನಟ್ಟು ತಿರುಗಿಸಿಟ್ಟಿದ್ದರು. ಎಂಜಿನ್ನು ದಿನವಿಡೀ ಬ್ರೇಕಿನ ಜೊತೆ ಕುಸ್ತಿ ಆಡುತ್ತಿತ್ತು. ಟೈರಿನಲ್ಲಿ ಗಾಳಿ ಕಡಿಮೆಯಿತ್ತು. ಗಾಳಿ ಕಡಿಮೆಯಾದಷ್ಟೂ ಟೈರು ಹೆಚ್ಚು ಅಮುಕಿ, ಉರುಳುವ ಪ್ರತಿರೋಧ ಏರುತ್ತದೆ. ಇಂಥ ಗಾಡಿಗಳಿಗೆ ತೆಳ್ಳನೆಯ ಟೈರು ಕೊಟ್ಟಿರುವುದು ಕೂಡ ಈ ಕಾರಣಕ್ಕೇ. ‘ಲುಕ್’ ಚೆನ್ನಾಗಿರುತ್ತದೆಂದು ಅಗಲದ ಟೈರು ಹಾಕಿಸುವವರು ಒಂದೆರಡು ಕಿಲೋಮೀಟರನ್ನು ಅಂಗಡಿಯಲ್ಲೇ ಬಿಟ್ಟು ಬರುತ್ತಾರೆ. ಚೈನು ಒಣಗಿತ್ತು, ಏರ್ ಫಿಲ್ಟರು ಭೋಸರಿಯ ಧೂಳು ಕುಡಿದಿತ್ತು. ಇವಿಷ್ಟನ್ನು ಸರಿಪಡಿಸಿದ ಮೇಲೆ ಅವನ ದಾರಿಯಲ್ಲೇ 56 ಬರತೊಡಗಿತು. ಅವನು ಇನ್ನೂ ಅತೃಪ್ತ.

ಅತೃಪ್ತಿಗೆ ಮದ್ದಾಗಿ ಅವನಿಗೆ ಒಂದು ಲೆಕ್ಕ ತೋರಿಸಿದೆ, ಓದುಗರಿಗೂ ಅದು ಉಪಯೋಗವಾದೀತು. ಲೀಟರಿಗೆ ಇಷ್ಟು ಕಿಲೋಮೀಟರು ಎಂಬ ಮಾಪನವು ನಮ್ಮ ಕಣ್ಣಿಗೆ ಮಣ್ಣೆರಚುವಂಥದ್ದು. ತಿಂಗಳಿಗೆ 1000 ಕಿ.ಮೀ. ಓಡಿಸುವವನ ಗಾಡಿ 30ರ ಬದಲು 40 ಕೊಟ್ಟರೆ 33.3 ಲೀಟರಿನ ಖರ್ಚು 25ಕ್ಕೆ ಇಳಿದು ಎಂಟು ಲೀಟರಿಗೂ ಹೆಚ್ಚು ಉಳಿಯುತ್ತದೆ. 60ರ ಬದಲು 70 ಕೊಟ್ಟರೆ 16.7ರಿಂದ 14.3ಕ್ಕೆ ಇಳಿದು ಉಳಿಯುವುದು ಎರಡೂವರೆ ಲೀಟರಿಗಿಂತಲೂ ಕಡಿಮೆ. ಎರಡು ಕಡೆಯೂ ಹತ್ತು ಕಿಲೋಮೀಟರಿನ ಏರಿಕೆಯೇ, ಆದರೆ ಹಣದಲ್ಲಿ ಮೂರು ಪಟ್ಟಿಗೂ ಮೀರಿದ ಅಂತರ. ಯುರೋಪಿನವರು 100 ಕಿಲೋಮೀಟರಿಗೆ ಎಷ್ಟು ಲೀಟರು ಎಂದು ತಿರುವಿ ಹೇಳುವುದು ಇದರಿಂದಾಗಿಯೇ ಹೆಚ್ಚು ಸಮಂಜಸ. ಲೀಟರಿಗೆ 105 ರೂಪಾಯಿ ಎಂದಿಟ್ಟುಕೊಂಡರೂ ತಿಂಗಳಿಗೆ ಐನೂರು ಕಿಲೋಮೀಟರು ಓಡುವ ನಮ್ಮ ಹುಡುಗನಿಗೆ 56 ಮತ್ತು 60ರ ನಡುವಿನ ವ್ಯತ್ಯಾಸ ಅರವತ್ತು ಮೂರು ರೂಪಾಯಿ.

ಅಳೆಯುವ ಕ್ರಮವೂ ಸರಿಯಾಗಿರಬೇಕು. ನೂರು ರೂಪಾಯಿಯ ಪೆಟ್ರೋಲು ಹಾಕಿಸಿ ರಿಸರ್ವಿಗೆ ಬರುವವರೆಗೆ ಓಡಿಸುವ ಪದ್ಧತಿಯಲ್ಲಿ ಮುಳ್ಳು ಅಲುಗಿದಷ್ಟೇ ಸುಲಭವಾಗಿ ಹತ್ತು ಕಿಲೋಮೀಟರು ಅಲುಗುತ್ತವೆ. ಒಂದೇ ಪಂಪಿನಲ್ಲಿ, ಗಾಡಿಯನ್ನು ಮೇನ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ನಳಿಕೆ ತಾನಾಗಿ ಕಟ್ಟಾಗುವವರೆಗೆ ಟ್ಯಾಂಕು ತುಂಬಿಸಿ, ಓಡಿದ ದೂರ ಬರೆದಿಟ್ಟು, ಮೂರು ನಾಲ್ಕು ಸಲ ಹೀಗೆ ತುಂಬಿಸಿದ ನಂತರ ಒಟ್ಟು ದೂರವನ್ನು ಒಟ್ಟು ಲೀಟರಿನಿಂದ ಭಾಗಿಸಬೇಕು. ಅಣ್ಣತಮ್ಮಂದಿರು ಮಾಡಿದ್ದು ಹೀಗೆ.

ಇತ್ತೀಚೆಗೆ ಆವರೇಜ್ ಇಳಿದಿದೆ ಎನ್ನುವವರ ದೂರಿನಲ್ಲಿ ಪೆಟ್ರೋಲಿನದೂ ಒಂದು ಪಾಲಿದೆ. ಪಂಪುಗಳಲ್ಲಿ ಈಗ ಸಿಗುವುದು ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆತ ಪೆಟ್ರೋಲು. ಎಥೆನಾಲಿನ ಒಂದು ಲೀಟರಿನಲ್ಲಿ ಸುಮಾರು 21 ಮೆಗಾಜೂಲ್ ಮಾತ್ರ ಇರುವುದರಿಂದ ಮಿಶ್ರಣದ ಲೀಟರಿನಲ್ಲಿ ಶುದ್ಧ ಪೆಟ್ರೋಲಿಗಿಂತ ನೂರಕ್ಕೆ ಆರೇಳರಷ್ಟು, ಹಿಂದಿನ ಹತ್ತು ಪಾಲಿನ ಮಿಶ್ರಣಕ್ಕಿಂತ ಮೂರು ನಾಲ್ಕರಷ್ಟು ಶಕ್ತಿ ಕಡಿಮೆ. ಎಥೆನಾಲಿಗೆ ಹೊಂದುವಂತೆ ಎಂಜಿನ್ನಿನ ಕಂಪ್ರೆಷನ್ (ಮಿಶ್ರಣವನ್ನು ಒತ್ತುವ ಪ್ರಮಾಣ) ಹೆಚ್ಚಿಸಿ ಅದರಲ್ಲಿ ಕೆಲವನ್ನು ಮರಳಿ ಪಡೆಯಬಹುದು, ಆದರೆ ಈಗಾಗಲೇ ರಸ್ತೆಯಲ್ಲಿರುವ ಗಾಡಿಗಳಿಗೆ ಆ ಅನುಕೂಲವಿಲ್ಲ.

ಘಟ್ಟದ ಮಾತನ್ನೂ ಒಂದಿಷ್ಟು ಹೇಳಿಬಿಡುತ್ತೇನೆ, ಮುಂಬೈಯಲ್ಲಿ ನೆಂಟರಿರುವ ಪುಣೆಯ ಕನ್ನಡಿಗರೆಲ್ಲ ಇದನ್ನು ಕಂಡವರೇ. ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕುಗಳಿಗೆ ಪ್ರವೇಶವಿಲ್ಲದ ಕಾರಣ ಹಳೆಯ ಹೆದ್ದಾರಿಯಲ್ಲಿ ಖೋಪೋಲಿಯಿಂದ ಲೋಣಾವಳಾಕ್ಕೆ ಹತ್ತಬೇಕು, ಎತ್ತರದ ಅಂತರ ಸುಮಾರು 550 ಮೀಟರು. ಗಾಡಿಯನ್ನೂ ಸವಾರನನ್ನೂ ಅಷ್ಟೆತ್ತರಕ್ಕೆ ಎತ್ತುವುದಕ್ಕೇ ಹೆಚ್ಚುವರಿಯಾಗಿ 150 ಮಿ.ಲೀ. ಆಸುಪಾಸು ಪೆಟ್ರೋಲು ಬೇಕು. ಹೀಗಾಗಿ ಮುಂಬೈಯಿಂದ ಬರುವಾಗ ಆವರೇಜ್ ಕಡಿಮೆ, ಹೋಗುವಾಗ ಹೆಚ್ಚು. ಇಳಿಯುವಾಗ ನ್ಯೂಟ್ರಲ್ಲಿಗೆ ಹಾಕಿ ಪೆಟ್ರೋಲು ಉಳಿಸುತ್ತೇವೆಂದುಕೊಳ್ಳುವವರಿದ್ದಾರೆ. ಇಂಜೆಕ್ಷನ್ ಗಾಡಿಯು ಗೇರಿನಲ್ಲಿದ್ದು ಎಕ್ಸಿಲರೇಟರು ಮುಚ್ಚಿದ್ದರೆ ಸಾಮಾನ್ಯವಾಗಿ ಪೆಟ್ರೋಲನ್ನೇ ನಿಲ್ಲಿಸುತ್ತದೆ, ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ. ನ್ಯೂಟ್ರಲ್ಲಿನಲ್ಲಾದರೆ ಎಂಜಿನ್ನು ಆರದಿರಲೆಂದು ಉರಿಯಲೇಬೇಕು. ಬ್ರೇಕುಗಳು ಕಾದು ಕೈಕೊಡುವ ಅಪಾಯವಂತೂ ಬೇರೆಯೇ.

ಹುಡುಗ ಮೊನ್ನೆ ಮತ್ತೆ ಬಂದಿದ್ದ. ಬಜಾಜ್ 2024ರ ಜುಲೈನಲ್ಲಿ ಪುಣೆಯಲ್ಲಿ ಬಿಡುಗಡೆ ಮಾಡಿದ ಫ್ರೀಡಂ 125 ಎಂಬ ಸಿಎನ್‌ಜಿ ಬೈಕನ್ನು ನೋಡಿ ಬಂದಿದ್ದನಂತೆ. ‘ಕಾಕಾ, ಅದು ನೂರರ ಮ್ಯಾಲೆ ಕೊಡ್ತದಂತ್ರೀ’ ಎಂದ. ಕಂಪನಿ ಹೇಳುವ ಪ್ರಕಾರ ಅದು ಒಂದು ಕಿಲೋ ಸಿಎನ್‌ಜಿಗೆ 102 ಕಿ.ಮೀ., ಒಂದು ಲೀಟರ್ ಪೆಟ್ರೋಲಿಗೆ ಸುಮಾರು 65 ಕಿ.ಮೀ. ಓಡುತ್ತದೆ. ಕಾಗದ ತೆಗೆದುಕೊಂಡು ಇಬ್ಬರೂ ಲೆಕ್ಕ ಹಾಕಿದೆವು. ಒಂದು ಕಿಲೋ ಸಿಎನ್‌ಜಿಯಲ್ಲಿ ಸುಮಾರು 49 ಮೆಗಾಜೂಲ್, ಒಂದು ಲೀಟರ್ ಪೆಟ್ರೋಲಿನಲ್ಲಿ 32. ನೂರ ಎರಡನ್ನು 49ರಿಂದ ಭಾಗಿಸಿದರೂ ಅರವತ್ತೈದನ್ನು 32ರಿಂದ ಭಾಗಿಸಿದರೂ ಮೆಗಾಜೂಲಿಗೆ ಎರಡು ಕಿಲೋಮೀಟರಿನ ಆಸುಪಾಸೇ ಬರುತ್ತದೆ. ಎಂಜಿನ್ನು ಅದೇ, ಗಾಳಿ ಅದೇ, ರಸ್ತೆ ಅದೇ. ತಕ್ಕಡಿ ಮಾತ್ರ ಬೇರೆ. ಉಳಿತಾಯವಿರುವುದು ಸಿಎನ್‌ಜಿಯ ಬೆಲೆಯಲ್ಲಿ. ಅವನು ಆ ಕಾಗದವನ್ನು ಮಡಚಿ ಕಿಸೆಗಿಟ್ಟುಕೊಂಡು, ನಿಗಡಿಯಿಂದ ಭೋಸರಿಗೆ ಬೆಳಗ್ಗೆ ಏಳಕ್ಕೇ ಹೊರಟರೆ ಎಷ್ಟು ಬಂದೀತು ಎಂದು ಕೇಳಿದ.